ಸತ್ಯಾಂಶ: ಬೆವರಿದಷ್ಟೂ ಕೊಬ್ಬು ಕರಗುತ್ತಾ?

‘ಆಫೀಸ್ ಕೆಲಸದಲ್ಲಿ ಟೈಮ್ ಇಲ್ವಾ? ಜರ್ಕಿನ್ ಹಾಕಿ ಬಿಸಿಲಲ್ಲಿ 15 ನಿಮಿಷ ಓಡಿ, ಕೊಬ್ಬೆಲ್ಲ ಬೆವರಾಗಿ ಹೋಗುತ್ತದೆ.’ ಈ ಮೆಸೇಜ್ ನಿಮಗೂ ಬಂದಿರಬಹುದು.

ಇದು ಸುಳ್ಳು. ಬೆವರಿನಲ್ಲಿ ಇರುವುದು ನೀರು, ಒಂದಿಷ್ಟು ಉಪ್ಪು. ಓಡಿದ ಮೇಲೆ ಅರ್ಧ ಕೆಜಿ ಇಳಿದರೆ ಅದು ಹೆಚ್ಚೂಕಮ್ಮಿ ನೀರೇ. ಕುಡಿದರೆ ವಾಪಸ್ ಬರುತ್ತದೆ. ಕರಗಿದ ಕೊಬ್ಬಿನ ಬಹುಪಾಲು ಹೊರಗೆ ಹೋಗುವುದು ಉಸಿರಿನಲ್ಲಿ, ಕಾರ್ಬನ್ ಡೈಆಕ್ಸೈಡ್ ಆಗಿ. ಬೆವರಿದರೇ ಸಾಕು ಅನ್ನುವುದಾದರೆ ಮೇ ತಿಂಗಳ ರಾಯಚೂರಿನಲ್ಲಿ ದಪ್ಪಗಿರುವವರೇ ಸಿಗುತ್ತಿರಲಿಲ್ಲ! 40 ಡಿಗ್ರಿ ದಾಟಿದ ಬಿಸಿಲಲ್ಲಿ ಜರ್ಕಿನ್ ಹಾಕಿ ಓಡುವುದು ಜೀವಕ್ಕೇ ಅಪಾಯ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ. ಒಂದೇ ಸಲಕ್ಕೆ ಆಗಬೇಕಿಲ್ಲ. ಬಿಸಿಲೇರುವ ಮುಂಚೆ 15 ನಿಮಿಷ, ಡ್ಯೂಟಿ ಮುಗಿಸಿ ಹೊತ್ತು ಮುಳುಗಿದ ಮೇಲೆ 15. ಐದು ದಿನಕ್ಕೆ ಲೆಕ್ಕ ಸರಿಹೋಯಿತು.