ತವರಿನ ವಿಶ್ವಕಪ್‌ಗೆ ಬೆನ್ನಿ ಮೆಕಾರ್ಥಿಯನ್ನು ಬಿಟ್ಟಿದ್ದು ಸರಿಯೇ?

2010ರ ಜೂನ್ 1. ಫುಟ್‌ಬಾಲ್ ವಿಶ್ವಕಪ್‌ಗೆ ಇನ್ನು ಹತ್ತೇ ದಿನ. ದಕ್ಷಿಣ ಆಫ್ರಿಕಾದ ಕೋಚ್ ಕಾರ್ಲೋಸ್ ಆಲ್ಬರ್ಟೊ ಪರೇರಾ 23 ಜನರ ತಂಡ ಪ್ರಕಟಿಸಿದರು. ಅದರಲ್ಲಿ ಬೆನ್ನಿ ಮೆಕಾರ್ಥಿ ಇರಲಿಲ್ಲ. ಆ ದೇಶದ ಪರ 31 ಗೋಲು ಹೊಡೆದ ಸ್ಟ್ರೈಕರ್ ಅವನು. ಅಷ್ಟು ಗೋಲು ಬೇರೆ ಯಾರೂ ಹೊಡೆದಿಲ್ಲ. ಆಫ್ರಿಕಾದ ನೆಲದಲ್ಲಿ ಮೊದಲ ವಿಶ್ವಕಪ್, ಅದೂ ಸ್ವಂತ ದೇಶದಲ್ಲಿ. ಅಂಥ ಹೊತ್ತಲ್ಲಿ ಅವನನ್ನೇ ಹೊರಗಿಟ್ಟಿದ್ದು ಸರಿಯೇ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಪರ: ಹಳೇ ಗೋಲುಗಳು ಓಡುವುದಿಲ್ಲ

ಬೆನ್ನಿ ಅಂದ ಕೂಡಲೇ ಎಲ್ಲರೂ ಪೋರ್ಚುಗಲ್‌ನ ಪೋರ್ಟೊ ಕ್ಲಬ್ಬಿನ ಕಾಲದ ಕಥೆ ತೆಗೆಯುತ್ತಾರೆ. ಪರೇರಾ ಮುಂದೆ ನಿಂತಿದ್ದು 2004ರ ಬೆನ್ನಿ ಅಲ್ಲ, 2010ರ ಬೆನ್ನಿ. ಆ ವರ್ಷದ ಆರಂಭದಲ್ಲಿ ಅವನು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕ್ಲಬ್ ಬಿಟ್ಟು ಅಲ್ಲಿನದೇ ವೆಸ್ಟ್ ಹ್ಯಾಮ್ ಸೇರಿದ. ಬಂದ ಸ್ವಲ್ಪ ದಿನಕ್ಕೇ ಮೊಣಕಾಲು ಕೈಕೊಟ್ಟಿತು. ಸೀಸನ್ ಮುಗಿದರೂ ಒಂದು ಗೋಲಿಲ್ಲ. ತೂಕ ಜಾಸ್ತಿಯಾಗಿದೆ ಅನ್ನುವ ಮಾತು ಪತ್ರಿಕೆಗಳಲ್ಲಿ ಓಡಾಡುತ್ತಲೇ ಇತ್ತು. ಮುಂದಿನ ಸೀಸನ್ನಿನಲ್ಲೂ ಅದೇ ಪಾಡು. 2011ರ ಏಪ್ರಿಲ್‌ನಲ್ಲಿ ಒಪ್ಪಂದ ಮುರಿದುಕೊಂಡು ಹೊರಟಾಗ ಆ ಕ್ಲಬ್ಬಿನಲ್ಲಿ ಅವನ ಖಾತೆಯೇ ತೆರೆದಿರಲಿಲ್ಲ. ಪರೇರಾ ಕಣ್ಣಿಗೆ ಬಿದ್ದದ್ದು ತಪ್ಪಾಗಿತ್ತೇ? ಇಲ್ಲ ಅಲ್ವಾ.

ಇನ್ನು ಆಡುವ ಜಾಗ. ಜೋಹಾನ್ಸ್‌ಬರ್ಗ್ ಸಮುದ್ರಮಟ್ಟಕ್ಕಿಂತ ಸುಮಾರು 1,700 ಮೀಟರ್ ಮೇಲಿದೆ. ಪ್ರಿಟೋರಿಯಾ, ಬ್ಲೂಮ್‌ಫಾಂಟೈನ್ ಕೂಡ ಎತ್ತರದ ಊರುಗಳೇ. ದಕ್ಷಿಣ ಆಫ್ರಿಕಾದ ಮೂರೂ ಲೀಗ್ ಪಂದ್ಯ ಇದ್ದದ್ದು ಅಲ್ಲೇ. ಅಲ್ಲಿ ಗಾಳಿ ತೆಳು, ಫಿಟ್ ಇಲ್ಲದವನಿಗೆ ಬೇಗ ಏದುಸಿರು. ಹೊರಗಿನ ತಂಡಗಳಿಗೆ ಇದೇ ಕಷ್ಟವಾಗಲಿ ಅಂತ ಆತಿಥೇಯರು ಕಾಯುತ್ತಿರುವಾಗ, ತಾನೇ ಉಸಿರುಕಟ್ಟುವ ಆಟಗಾರನನ್ನು ಇಟ್ಟುಕೊಳ್ಳಬೇಕಿತ್ತೇ?

ಮೂರನೆಯದು, ನನ್ನ ಪ್ರಕಾರ ಮುಖ್ಯವಾದದ್ದು. ಪರೇರಾ ಆ ತಂಡವನ್ನು ತಿಂಗಳುಗಟ್ಟಲೆ ಕೂಡಿ ಕಟ್ಟಿದ್ದರು. ಮಾರ್ಚ್‌ನಲ್ಲಿ ಬ್ರೆಜಿಲ್‌ನಲ್ಲಿ ಶಿಬಿರ, ಏಪ್ರಿಲ್‌ನಲ್ಲಿ ಜರ್ಮನಿಯಲ್ಲಿ. ಹೆಚ್ಚಿನವರು ದೇಶದ ಲೀಗ್‌ನಲ್ಲೇ ಆಡುವ ಹುಡುಗರು. ಬೆವರು ಸುರಿಸಿದ್ದು ಅವರು. ಫಲವೂ ಕಾಣಿಸಿತು. ಥಾಯ್ಲೆಂಡ್ ವಿರುದ್ಧ 4-0, ಕೊಲಂಬಿಯಾ ವಿರುದ್ಧ 2-1, ಪಟ್ಟಿ ಬರುವ ಹಿಂದಿನ ದಿನ ಗ್ವಾಟೆಮಾಲಾ ವಿರುದ್ಧ 5-0. ಸ್ಟ್ರೈಕರ್ ಜಾಗಕ್ಕೆ ಕಟ್ಲೆಗೊ ಎಂಫೆಲಾ ಇದ್ದ. ಹಿಂದಿನ ವರ್ಷ ಕಾನ್ಫೆಡರೇಷನ್ಸ್ ಕಪ್‌ನಲ್ಲಿ, ಆಗಿನ ಯುರೋಪ್ ಚಾಂಪಿಯನ್ ಸ್ಪೇನ್ ವಿರುದ್ಧ ಎರಡು ಗೋಲು ಹೊಡೆದವನು ಅವನೇ. ಆ ಕಪ್‌ನಲ್ಲೂ ಬೆನ್ನಿ ಇರಲಿಲ್ಲ. ತಂಡ ಸೆಮಿಫೈನಲ್ ತನಕ ಹೋಗಿತ್ತು.

ಬೆನ್ನಿ ಮತ್ತು ರಾಷ್ಟ್ರೀಯ ತಂಡದ ಸಂಬಂಧ ಯಾವತ್ತೂ ಸಲೀಸಾಗಿರಲಿಲ್ಲ ಅನ್ನುವುದೂ ನೆನಪಿರಲಿ. 2002ರ ವಿಶ್ವಕಪ್ ಆದ ಮೇಲೆ ಕ್ಲಬ್ ಆಟವೇ ಸಾಕು ಅಂತ ದೂರ ಸರಿದ. ಆಮೇಲೆ ಬಂದ. ಬಂದ ಮೇಲೂ ಬುಲಾವು, ಗೈರು, ಮುನಿಸು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುವ ಗಾದೆ ಸ್ಟ್ರೈಕರ್‌ಗೆ ಹೊಂದುವುದಿಲ್ಲ.

ಕೊನೆಗೆ ತಂಡ ಹೊರಬಿದ್ದದ್ದು ಗೋಲು ಹೊಡೆಯದೆ ಅಲ್ಲ, ಗೋಲು ಬಿಟ್ಟುಕೊಟ್ಟು. ಉರುಗ್ವೆ ಪ್ರಿಟೋರಿಯಾದಲ್ಲಿ ಮೂರು ಹೊಡೆಯಿತು. ಗೋಲ್‌ಕೀಪರ್ ಖುನೆಗೆ ಕೆಂಪು ಕಾರ್ಡ್ ಬಿತ್ತು. ಅಲ್ಲಿ ಬೆನ್ನಿ ಏನು ಮಾಡುತ್ತಿದ್ದ?

ವಿರೋಧ: 23ನೇ ಜಾಗ ಇರುವುದು ಯಾಕೆ?

ಬೆನ್ನಿ ಫಿಟ್ ಇರಲಿಲ್ಲ. ಒಪ್ಪಿದೆ. 90 ನಿಮಿಷ ಆಡಿಸಿ ಅಂತ ಕೇಳುತ್ತಲೂ ಇಲ್ಲ. ಮೊದಲ ಹನ್ನೊಂದರಲ್ಲಿ ಎಂಫೆಲಾ ಆಡಿದ್ದು ಸರಿ. ನನ್ನ ತಕರಾರು ಬೇರೆ. ಒಬ್ಬ ಕೋಚ್ 23 ಜನರನ್ನು ಕಟ್ಟಿಕೊಂಡು ಹೋಗುವುದು ಎಲ್ಲರನ್ನೂ ಆಡಿಸಲಿಕ್ಕಲ್ಲ. ಕೊನೆಯ ಎರಡು ಮೂರು ಹೆಸರು ಯಾವಾಗಲೂ ಜೂಜಾಟವೇ. ಒಂದು ಗೋಲು ಬೇಕೇಬೇಕು ಅನ್ನುವ ಹೊತ್ತಿಗೆ ಇಳಿಸಲು ಒಬ್ಬ ಇರಬೇಕು, ಅಷ್ಟೇ. ಆ ಕೆಲಸಕ್ಕೆ ಉಸಿರಿಗಿಂತ ಜಾಸ್ತಿ ಬೇಕಾಗಿರುವುದು ಗೋಲಿನ ಮುಂದೆ ತಣ್ಣಗಿರುವ ತಲೆ.

ಅದು ಬೆನ್ನಿಯಲ್ಲಿ ಎಷ್ಟಿತ್ತು ಅಂತ ನೋಡಲು 2004ರ ಫೆಬ್ರುವರಿ 25ಕ್ಕೆ ಹೋಗಬೇಕು. ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್, ಪೋರ್ಟೊದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು. ಮೊದಲ ಗೋಲು ಯುನೈಟೆಡ್‌ಗೆ. ಹೊಡೆದವನು ಕ್ವಿಂಟನ್ ಫಾರ್ಚ್ಯೂನ್, ಬೆನ್ನಿಯ ಊರಾದ ಕೇಪ್ ಟೌನ್‌ನವನೇ. ಅರ್ಧ ಗಂಟೆಯೊಳಗೆ ಬೆನ್ನಿ ಸಮ ಮಾಡಿದ. ಬಂದ ಚೆಂಡನ್ನು ನೆಲಕ್ಕೆ ಬೀಳಲೂ ಬಿಡದೆ ಬಾರಿಸಿದ. ಎರಡನೆಯದು ಅದಕ್ಕಿಂತ ಚೆನ್ನ. 78ನೇ ನಿಮಿಷ, ಎಡದಿಂದ ಬಂದ ಕ್ರಾಸ್. ಬೆನ್ನಿ ಗ್ಯಾರಿ ನೆವಿಲ್‌ಗಿಂತ ಮೇಲೆ ಹಾರಿ ಹೆಡ್ ಮಾಡಿದ, ಚೆಂಡು ಬಲೆಯಲ್ಲಿ. ಅದೇ ಎದುರಾಳಿಯ ಜೊತೆಗಿನ ಎರಡನೇ ಪಂದ್ಯದಲ್ಲಿ, ಯುನೈಟೆಡ್ ತವರು ಓಲ್ಡ್ ಟ್ರಾಫರ್ಡ್‌ನಲ್ಲಿ, 90ನೇ ನಿಮಿಷದ ಫ್ರೀ ಕಿಕ್ ಕೂಡ ಅವನದೇ. ಕೀಪರ್ ಟಿಮ್ ಹೋವರ್ಡ್ ಅದನ್ನು ತಡೆದರೂ ಹಿಡಿಯಲಾಗಲಿಲ್ಲ, ಕೋಸ್ಟಿನ್ಯ ಒಳಗೆ ತಳ್ಳಿದ. ಪೋರ್ಟೊ ಕೋಚ್ ಮೊರಿನ್ಯೊ ಗೆರೆಗುಂಟ ಓಡಿದ ದೃಶ್ಯ ಎಲ್ಲರಿಗೂ ನೆನಪಿದೆ. ಆ ಕಿಕ್ ಯಾರದು ಅಂತ ಮಾತ್ರ ಮರೆತಿದ್ದಾರೆ! ಪೋರ್ಟೊ ಆ ಸಲ ಕಪ್ ಗೆದ್ದಿತು. ಅದೇ ಸೀಸನ್ನಿನಲ್ಲಿ ಬೆನ್ನಿ 20 ಗೋಲು ಹೊಡೆದು ಪೋರ್ಚುಗಲ್ ಲೀಗ್‌ನಲ್ಲಿ ಮೊದಲಿಗನಾದ.

ಅದು ಆರು ವರ್ಷ ಹಳೇ ಕಥೆ ಅನ್ನುತ್ತೀರಿ. ಸರಿ, 2006-07 ತೆಗೆದುಕೊಳ್ಳಿ. ಬ್ಲ್ಯಾಕ್‌ಬರ್ನ್‌ಗೆ ಬಂದ ಮೊದಲ ಸೀಸನ್ನಿನಲ್ಲೇ ಪ್ರೀಮಿಯರ್ ಲೀಗ್‌ನಲ್ಲಿ 18 ಗೋಲು. ಅವನಿಗಿಂತ ಮುಂದೆ ಇದ್ದದ್ದು ಚೆಲ್ಸಿ ಕ್ಲಬ್ಬಿನ ದ್ರೋಗ್ಬಾ ಒಬ್ಬನೇ. 2010ಕ್ಕೆ ದಕ್ಷಿಣ ಆಫ್ರಿಕಾದ ಬೇರೆ ಯಾವ ಸ್ಟ್ರೈಕರ್ ಇದರ ಹತ್ತಿರ ಬಂದಿದ್ದ?

ವಯಸ್ಸಂತೂ ಕಾರಣವಲ್ಲ. ಪರೇರಾ ಆರಿಸಿಕೊಂಡ ಸಿಯಾಬೊಂಗಾ ನೊಮ್ವೆತೆ ಹುಟ್ಟಿದ್ದೂ 1977ರಲ್ಲೇ, ಬೆನ್ನಿಗಿಂತ ಕೆಲವೇ ವಾರ ಚಿಕ್ಕವನು. ಶಿಬಿರದ ಬೆವರಿಗೆ ಬೆಲೆ ಕೊಡಬೇಕು, ನಿಜ. ಆದರೆ ವಿಶ್ವಕಪ್ ತಂಡ ಹಾಜರಾತಿ ಬಹುಮಾನ ಅಲ್ಲ.

ಮುನಿಸಿನ ಆಟಗಾರರನ್ನು ಸಂಭಾಳಿಸುವುದು ಪರೇರಾಗೆ ಹೊಸದೂ ಅಲ್ಲ. 1993ರಲ್ಲಿ ಬ್ರೆಜಿಲ್ ಕೋಚ್ ಆಗಿದ್ದಾಗ ರೊಮಾರಿಯೊನನ್ನು ಹೊರಗಿಟ್ಟಿದ್ದವರು ಇವರೇ. ಬೆಂಚಿನಲ್ಲಿ ಕೂರಿಸಿದ್ದಕ್ಕೆ ಅವನು ಬಾಯಿಗೆ ಬಂದಂತೆ ಮಾತಾಡಿದ್ದ. ಕೊನೆಯ ಅರ್ಹತಾ ಪಂದ್ಯ, ಮರಕಾನಾದಲ್ಲಿ ಉರುಗ್ವೆ ಎದುರು. ಕುತ್ತಿಗೆಗೆ ಬಂದಾಗ ಪರೇರಾ ಅವನನ್ನೇ ಕರೆದರು. 2-0 ಗೆಲುವು, ಎರಡೂ ಗೋಲು ರೊಮಾರಿಯೊದು. ಮರುವರ್ಷ ವಿಶ್ವಕಪ್ಪೂ ಬಂತು. ರೊಮಾರಿಯೊ ಆಗ ಬಾರ್ಸಿಲೋನಾದಲ್ಲಿ ಗೋಲು ಸುರಿಸುತ್ತಿದ್ದ, ಬೆನ್ನಿ ಹಾಗಿರಲಿಲ್ಲ ಅನ್ನಬಹುದು. ಅದಕ್ಕೇ ನಾನು ಕೇಳುತ್ತಿರುವುದು ಬೆಂಚಿನ ಜಾಗ ಮಾತ್ರ.

ಬೆನ್ನಿ ಮುಗಿದುಹೋಗಿದ್ದ ಅನ್ನುವುದೂ ಅರ್ಧ ಸತ್ಯ. 2011ರಲ್ಲಿ ದಕ್ಷಿಣ ಆಫ್ರಿಕಾದ ಒರ್ಲಾಂಡೊ ಪೈರೇಟ್ಸ್ ಕ್ಲಬ್ ಸೇರಿದ. ಮೊದಲ ಸೀಸನ್ನಿನಲ್ಲೇ ಆ ಕ್ಲಬ್ ಲೀಗ್ ಜೊತೆ ಎರಡು ಕಪ್ ಗೆದ್ದಿತು. 2013ರ ತನಕ ಆಡಿದ.

ಈಗ ಪಂದ್ಯಗಳಿಗೇ ಬರೋಣ. ಸಾಕರ್ ಸಿಟಿಯಲ್ಲಿ ಮೆಕ್ಸಿಕೊ ವಿರುದ್ಧ 1-1. ಕೊನೇ ಗಳಿಗೆಯಲ್ಲಿ ಎಂಫೆಲಾ ಒದ್ದ ಚೆಂಡು ಕಂಬಕ್ಕೆ ಬಡಿಯಿತು. ಸುಮ್ನೆ ದುರದೃಷ್ಟ, ಅವನದೇನೂ ತಪ್ಪಿಲ್ಲ. ಉರುಗ್ವೆ ಹೊಡೆದ ಮೂರು ಗೋಲಿಗೆ ಬೆನ್ನಿ ಏನೂ ಮಾಡಲಾಗುತ್ತಿರಲಿಲ್ಲ, ಅದೂ ಸರಿ.

ಆದರೆ ಜೂನ್ 22, ಬ್ಲೂಮ್‌ಫಾಂಟೈನ್. ಮೊದಲರ್ಧ ಮುಗಿದಾಗ ಫ್ರಾನ್ಸ್ ವಿರುದ್ಧ 2-0. ಗೂರ್ಕುಫ್‌ಗೆ 25ನೇ ನಿಮಿಷದಲ್ಲೇ ಕೆಂಪು ಕಾರ್ಡ್, ಫ್ರಾನ್ಸ್ ಕಡೆ ಹತ್ತೇ ಜನ. ಒಳಜಗಳದಲ್ಲಿ ಅವರ ತಂಡ ಆಗಲೇ ಚೂರುಚೂರು. ಅತ್ತ ರುಸ್ಟೆನ್‌ಬರ್ಗ್‌ನಲ್ಲಿ ಉರುಗ್ವೆ ಎದುರು ಮೆಕ್ಸಿಕೊ 0-1 ಹಿಂದೆ. ಲೆಕ್ಕ ಹಾಕಿ: ಇನ್ನೆರಡು ಗೋಲು ಹೊಡೆದು 4-0 ಆದರೆ ಗೋಲು ಅಂತರ ಮೆಕ್ಸಿಕೊಗೆ ಸಮ, ಹೊಡೆದ ಗೋಲಿನಲ್ಲಿ ಮುಂದೆ. ದಕ್ಷಿಣ ಆಫ್ರಿಕಾ ಮುಂದಿನ ಸುತ್ತಿಗೆ. 45 ನಿಮಿಷ, ಎರಡು ಗೋಲು, ಎದುರಿಗೆ ಹತ್ತು ಜನ. ಆಗಿದ್ದೇನು? ಮಲೂಡಾ ಒಂದು ವಾಪಸ್ ಹೊಡೆದ, 2-1ಕ್ಕೆ ಮುಗಿಯಿತು. ಲೀಗ್ ಹಂತದಲ್ಲೇ ಹೊರಬಿದ್ದ ಮೊದಲ ಆತಿಥೇಯ ದೇಶ ಅನ್ನುವ ಹೆಸರು ಅಂಟಿಕೊಂಡಿತು.

ಬೆನ್ನಿ ಇದ್ದಿದ್ದರೆ ಹೊಡೆದೇಬಿಡುತ್ತಿದ್ದ ಅಂತ ಹೇಳುವಷ್ಟು ಹುಚ್ಚು ನನಗಿಲ್ಲ. ಬೆಂಚ್ ಕಡೆ ತಿರುಗಿದಾಗ ಪರೇರಾಗೆ ಆ ಹೆಸರು ಸಿಗಬೇಕಿತ್ತು, ಅಷ್ಟೇ. ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಮೊಟ್ಟಮೊದಲ ಗೋಲು ಹೊಡೆದವನು ಅವನು, 1998ರಲ್ಲಿ ಡೆನ್ಮಾರ್ಕ್ ವಿರುದ್ಧ.