ಬಾಡಿಕ್ಯಾಮ್ ನೋಡಿದರೆ ಘಟನೆ ನೋಡಿದಂತೆಯೇ?

ಪರ

ನಮ್ಮೂರಲ್ಲಿ ಪೊಲೀಸರು ಕೈ ತೋರಿಸಿದರೆ ಗಾಡಿ ಬದಿಗೆ ಹಾಕಿ, ಇಳಿದು, ಕಾಗದಪತ್ರ ಹಿಡಿದು ನಾವೇ ಅವರ ಬಳಿ ಹೋಗುತ್ತೇವೆ. ಅದು ಇಲ್ಲಿಯ ಮರ್ಯಾದೆ. ಅಮೆರಿಕದಲ್ಲಿ ಕಾರಿನಿಂದ ಹಾಗೆ ಇಳಿದು ಬಂದವರು ಪೊಲೀಸರ ಕಣ್ಣಿಗೆ ಅಪಾಯವಾಗಿ ಕಾಣಬಹುದು. ಹೊಸದಾಗಿ ಅಲ್ಲಿಗೆ ಹೋದ ಕನ್ನಡಿಗರು ನಾಲ್ಕಾರು ಬಾಡಿಕ್ಯಾಮ್ (ಪೊಲೀಸರು ಮೈಮೇಲೆ ತೊಡುವ ಕ್ಯಾಮೆರಾ) ವಿಡಿಯೊ ನೋಡಿದರೆ ಸಾಕು, ಪಾಠ ಮನಸ್ಸಿಗೆ ಇಳಿಯುತ್ತದೆ: ರಸ್ತೆಯ ಬಲಬದಿಗೆ ನಿಲ್ಲಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ, ಎರಡೂ ಕೈ ಸ್ಟಿಯರಿಂಗ್ ಮೇಲಿಡಿ, ಕೇಳುವ ಮೊದಲೇ ಲೈಸೆನ್ಸ್‌ಗಾಗಿ ತಡಕಾಡಬೇಡಿ.

ಕಾನೂನೂ ಹೀಗೆಯೇ ತಿಳಿಯುತ್ತದೆ. "ಕೆಳಗಿಳಿಯಿರಿ" ಎಂದಾಗ "ಯಾಕೆ ಇಳಿಯಲಿ?" ಎಂದು ಪಟ್ಟು ಹಿಡಿದು ಕೋಳ ಹಾಕಿಸಿಕೊಂಡವರ ವಿಡಿಯೊಗಳಿಗೆ ಬರವಿಲ್ಲ. ತಡೆದ ವಾಹನದಿಂದ ಚಾಲಕನನ್ನು ಇಳಿಸಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1977ರಲ್ಲೇ, ಮಿಮ್ಸ್ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ಪೊಲೀಸರಿಗೂ ಪೂರ್ತಿ ಸಡಿಲು ಬಿಟ್ಟಿಲ್ಲ. ದಂಡದ ಚೀಟಿಯ ಕೆಲಸ ಮುಗಿದ ಮೇಲೆ, ಬೇರೆ ಅನುಮಾನಕ್ಕೆ ಆಧಾರವಿಲ್ಲದೆ, ಶ್ವಾನ ತಪಾಸಣೆಗಾಗಿ ಕಾಯಿಸುವಂತಿಲ್ಲ ಎಂದು ಅದೇ ಕೋರ್ಟಿನ 2015ರ ರೋಡ್ರಿಗಸ್ ತೀರ್ಪು ಹೇಳುತ್ತದೆ. ಪರದೆಯ ಮೂಲೆಯ ಗಡಿಯಾರ ಓಡುತ್ತಿರುತ್ತದೆ. ಎಷ್ಟು ಹೊತ್ತು ಕಾಯಿಸಿದರೆಂದು ನೋಡುವವರೇ ಲೆಕ್ಕ ಹಾಕಬಹುದು. ಪೊಲೀಸರ ಹೇಳಿಕೆಯನ್ನಷ್ಟೇ ನಂಬಬೇಕಿದ್ದ ಕಾಲದಲ್ಲಿ ಇದು ಸಾಧ್ಯವಿತ್ತೇ?

ವಿರೋಧ

ಕ್ಯಾಮೆರಾ ಇರುವುದು ಎದೆಯ ಮೇಲೆ, ಕಣ್ಣಿನಲ್ಲಲ್ಲ. ಪೊಲೀಸ್ ಕತ್ತು ತಿರುಗಿಸಿದರೆ ಅದು ತಿರುಗುವುದಿಲ್ಲ. ಪಿಸ್ತೂಲು ಎತ್ತಿದರೆ ಅವರದೇ ತೋಳು ಲೆನ್ಸಿಗೆ ಅಡ್ಡ ಬರುತ್ತದೆ, ಅದೂ ಅತಿ ಮುಖ್ಯವಾದ ಗಳಿಗೆಯಲ್ಲಿ. ಅಗಲ ಕೋನದ ಲೆನ್ಸ್ ಆದ್ದರಿಂದ ಎದುರಿನವರು ಇರುವುದಕ್ಕಿಂತ ದೂರ ಕಾಣುತ್ತಾರೆ. ಆಕ್ಸಾನ್ ಕಂಪನಿಯ ಕ್ಯಾಮೆರಾದಲ್ಲಿ ರೆಕಾರ್ಡಿಂಗ್ ಗುಂಡಿ ಒತ್ತುವ ಮುಂಚಿನ 30 ಸೆಕೆಂಡು ಸಾಮಾನ್ಯವಾಗಿ ಚಿತ್ರ ಮಾತ್ರ ಉಳಿಯುತ್ತದೆ, ಧ್ವನಿ ಇರುವುದಿಲ್ಲ. ಮೊದಲು ಬೈದವರು ಯಾರು ಎಂಬುದು ಆ ಮೌನದಲ್ಲೇ ಹೂತುಹೋಗಿರಬಹುದು.

ಅಮೆರಿಕದ ಮೆಂಫಿಸ್ ನಗರದಲ್ಲಿ 2023ರ ಜನವರಿ 7ರಂದು ಪೊಲೀಸರು ಟೈರ್ ನಿಕೋಲ್ಸ್ ಎಂಬವರನ್ನು ಹೊಡೆದದ್ದನ್ನೇ ನೋಡಿ; ಮೂರು ದಿನಕ್ಕೆ ಅವರು ತೀರಿಕೊಂಡರು. ಬಾಡಿಕ್ಯಾಮ್‌ನಲ್ಲಿರುವುದು ಕತ್ತಲು, ಕುಲುಕಾಟ, "ಕೈ ಕೊಡು" ಎಂಬ ಕೂಗು. ಅದಷ್ಟೇ ಇದ್ದಿದ್ದರೆ ಮಾತು ಕೇಳದೆ ಕೊಸರಾಡಿದ ಮನುಷ್ಯನ ಕಥೆಯಾಗಿ ಉಳಿಯುತ್ತಿತ್ತು. ಅವರ ಕೈಗಳನ್ನು ಪೊಲೀಸರೇ ಹಿಡಿದುಕೊಂಡಿದ್ದಾಗ ಏಟು ಬಿದ್ದದ್ದು ತಿಳಿದದ್ದು ಕಂಬದ ಮೇಲಿದ್ದ, ಧ್ವನಿಯೇ ಇಲ್ಲದ ಕ್ಯಾಮೆರಾದಿಂದ. ಕೂಗನ್ನೇ ನಿರೂಪಣೆ ಎಂದು ನಂಬುವ ಅಭ್ಯಾಸ ಎಷ್ಟು ದುಬಾರಿ!

ಕ್ಯಾಮೆರಾ ತೊಟ್ಟವರ ದೇಹ ಚೌಕಟ್ಟಿನಲ್ಲಿ ಅಷ್ಟಾಗಿ ಕಾಣದಿರುವುದೂ ತೀರ್ಪನ್ನು ವಾಲಿಸುತ್ತದೆ. ಬಾಡಿಕ್ಯಾಮ್ ನೋಡಿದವರು, ಅದೇ ಘಟನೆಯನ್ನು ಡ್ಯಾಶ್‌ಕ್ಯಾಮ್‌ನಲ್ಲಿ (ಪೊಲೀಸ್ ಕಾರಿನೊಳಗಿನ ಕ್ಯಾಮೆರಾ) ನೋಡಿದವರಿಗಿಂತ, "ಬೇಕೆಂದೇ ಮಾಡಿದರು" ಎನ್ನುವುದು ಕಡಿಮೆ ಎಂದು 2019ರ ಅಧ್ಯಯನವೊಂದು ತೋರಿಸಿತು. ನಿಧಾನಗತಿಯಲ್ಲಿ ಓಡಿಸಿದರೆ ತಿರುಗುಮುರುಗು: ಬೇಕೆಂದೇ ಮಾಡಿದಂತೆ ಕಾಣುತ್ತದೆ. ಪೊಲೀಸರ ಬಲಪ್ರಯೋಗವನ್ನು ಸ್ಥಳದಲ್ಲಿದ್ದ ವಿವೇಕವುಳ್ಳ ಅಧಿಕಾರಿಯ ದೃಷ್ಟಿಯಿಂದ ಅಳೆಯಬೇಕು, ಆಮೇಲಿನ ಜಾಣತನದಿಂದಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟಿನ 1989ರ ಗ್ರಹಾಂ ತೀರ್ಪು ಹೇಳಿದೆ. ನಾವೋ, ಹತ್ತು ಸಲ ಹಿಂದಕ್ಕೆ ಓಡಿಸಿ ನೋಡುತ್ತೇವೆ.

ಯಾವ ವಿಡಿಯೊ ನಮ್ಮ ಕಣ್ಣಿಗೆ ಬೀಳುತ್ತದೆ ಎಂಬ ಆಯ್ಕೆಯ ಮಾತಂತೂ ಬೇಡ. ಎಚ್ಚರಿಕೆ ಹೇಳಿ ಕಳಿಸಿದ ತಪಾಸಣೆಯನ್ನು ಯಾವ ಚಾನೆಲ್ ಹಾಕುತ್ತದೆ? ಪಾಠ ಕಲಿತೆವು ಎನ್ನುವವರಿಗೆ ಆ ಮೂಲೆಯ ಗಡಿಯಾರವೂ ಎಷ್ಟೋ ಸಲ ಅರ್ಥವಾಗಿರುವುದಿಲ್ಲ. ಸಮಯದ ಕೊನೆಗೆ ಝಡ್ (Z) ಅಕ್ಷರವಿದ್ದರೆ ಅದು ಜಾಗತಿಕ ಸಮಯ (ಯುಟಿಸಿ), ಸ್ಥಳೀಯ ಸಮಯವಲ್ಲ. ಚಳಿಗಾಲದ ಲಾಸ್ ಏಂಜಲೀಸ್‌ನಲ್ಲಿ ಸಂಜೆ 6 ಗಂಟೆಯ ಬಂಧನ ಅಲ್ಲಿ ಮರುದಿನದ 02:00 ಎಂದು ಕಾಣುತ್ತದೆ. "ತಾರೀಖನ್ನೇ ತಿದ್ದಿದ್ದಾರೆ" ಎಂದು ಹುಯಿಲೆಬ್ಬಿಸಲು ಕೆಲವರಿಗೆ ಅಷ್ಟು ಸಾಕು.