ಹನ್ನೊಂದನೇ ವಚನಕ್ಕೆ ಮೊದಲು ಹತ್ತನೆಯದಿದೆ

ನಮ್ಮ ಸಭೆಯಲ್ಲಿ ಡಿಸೆಂಬರ್ 31ರ ಆರಾಧನೆ ರಾತ್ರಿ ಹತ್ತಕ್ಕೆ ಶುರುವಾಗುತ್ತದೆ. ಹನ್ನೆರಡು ಹೊಡೆಯುವಾಗ ಎಲ್ಲರೂ ಮೊಣಕಾಲೂರಿರುತ್ತೇವೆ. ಎದ್ದ ಮೇಲೆ ಕೈ ಕುಲುಕುವುದು, ಹ್ಯಾಪಿ ನ್ಯೂ ಇಯರ್, ಮಕ್ಕಳಿಗೆ ಕೇಕು. ಆಮೇಲೆ ಇಬ್ಬರು ಸಹೋದರಿಯರು ದೊಡ್ಡ ಸ್ಟೀಲ್ ತಟ್ಟೆ ಹಿಡಿದು ಮುಂದೆ ನಿಲ್ಲುತ್ತಾರೆ. ತಟ್ಟೆ ತುಂಬ ಮಗುಚಿ ಹಾಕಿದ ವಾಗ್ದಾನದ ಕಾರ್ಡುಗಳು, ಒಂದೊಂದರಲ್ಲೂ ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ. ಸಾಲಲ್ಲಿ ಹೋಗಿ, ಮನಸ್ಸಿನಲ್ಲೇ ಪ್ರಾರ್ಥಿಸಿ, ಒಂದನ್ನು ತೆಗೆದುಕೊಳ್ಳಬೇಕು. ಆ ವರ್ಷಕ್ಕೆ ಕರ್ತನು ನಮಗೆ ಕೊಟ್ಟ ಮಾತು ಅದು ಎಂದು ನಂಬಿಕೆ.

ಮೂರು ವರ್ಷದ ಹಿಂದೆ ನನ್ನ ದೊಡ್ಡಮ್ಮನಿಗೆ ಬಂದದ್ದು 91ನೇ ಕೀರ್ತನೆಯ ಕೊನೆಯ ವಚನ. ದೀರ್ಘಾಯುಷ್ಯ ಕೊಟ್ಟು ತೃಪ್ತಿಪಡಿಸುತ್ತೇನೆ ಎನ್ನುವ ಮಾತು. ಕಾರ್ಡಿನ ಮೇಲೆ ಜಲಪಾತದ ಚಿತ್ರ ಇತ್ತು. ಆಗ ಅವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಸೂಜಿ ಚುಚ್ಚಿ ಚುಚ್ಚಿ ಎಡಗೈ ಗಂಟುಗಂಟಾಗಿತ್ತು. ಆ ರಾತ್ರಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಕಾರ್ಡನ್ನು ಎಲ್ಲರಿಗೂ ತೋರಿಸಿದರು. ಮನೆಗೆ ಬಂದವರೇ ಫ್ರಿಜ್ ಬಾಗಿಲಿಗೆ ಅಂಟಿಸಿದರು. ನೀರು ತೆಗೆಯಲು ಹೋದಾಗಲೆಲ್ಲ ಅದನ್ನೊಮ್ಮೆ ಮುಟ್ಟುತ್ತಿದ್ದರು. ಡಾಕ್ಟರ್ ಹೇಳಿದಷ್ಟೇ ನೀರು ಕುಡಿಯಬೇಕಿತ್ತು, ಅಳತೆಗೆ ಒಂದು ಸಣ್ಣ ಲೋಟ ಇಟ್ಟುಕೊಂಡಿದ್ದರು.

ಆಗಸ್ಟ್‌ನಲ್ಲಿ ತೀರಿಕೊಂಡರು. ಅರವತ್ತೊಂದು ವರ್ಷ.

ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡ ದಿನ, ಬಂದವರೊಬ್ಬರು ಟೀ ಕುಡಿಯುತ್ತಾ ಹೇಳಿದರು. "ವಾಗ್ದಾನ ಕೈಯಲ್ಲೇ ಇತ್ತು. ವಿಶ್ವಾಸದಿಂದ ಗಟ್ಟಿಯಾಗಿ ಹಿಡ್ಕೋಬೇಕಿತ್ತು." ಅವರಿಗೆ ನೋಯಿಸುವ ಮನಸ್ಸಿರಲಿಲ್ಲ ಅಂತ ನಾನು ನಂಬುತ್ತೇನೆ. ಆದರೆ ದೊಡ್ಡಪ್ಪ ಅಲ್ಲೇ ಕೂತಿದ್ದರು. ಕೈಯಲ್ಲಿದ್ದ ಲೋಟ ಕೆಳಗಿಟ್ಟರು, ಮತ್ತೆ ಎತ್ತಿಕೊಳ್ಳಲಿಲ್ಲ. ಎಲ್ಲರೂ ಹೋದ ಮೇಲೆ ನನ್ನನ್ನು ಕೇಳಿದರು. "ನಾವೆಲ್ಲಿ ತಪ್ಪಿದ್ವಿ ಮರಿ?"

ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಸುಮ್ನೆ ಅವರ ಕೈ ಹಿಡಿದು ಕೂತೆ. ಈ ಬರಹ ಆ ಪ್ರಶ್ನೆಗೆ.

ದೇವರು ವಾಸಿಮಾಡುತ್ತಾನೆ ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ನಮ್ಮ ಮನೆಯಲ್ಲೇ ಕಂಡಿದ್ದೇವೆ. ವಾಗ್ದಾನಗಳನ್ನು ನಂಬಬಾರದು ಅಂತಲೂ ಹೇಳುತ್ತಿಲ್ಲ. ಕಾರ್ಡು ಕೊಡುವುದೂ ತಪ್ಪಲ್ಲ. ಇದು ನಿನ್ನೆ ಮೊನ್ನೆಯ ಪದ್ಧತಿಯೂ ಅಲ್ಲ. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನಲ್ಲಿ ಮೊರಾವಿಯನ್ ಎಂಬ ಕ್ರೈಸ್ತ ಪಂಗಡದ ವಿಶ್ವಾಸಿಗಳಿಗೆ ದಿನಕ್ಕೊಂದು ವಚನ ಕೊಡುವ ರೂಢಿಯನ್ನು ಅವರ ನಾಯಕ ಜಿನ್ಜೆನ್‌ಡಾರ್ಫ್ 1728ರಲ್ಲಿ ಶುರುಮಾಡಿದರು. 1731ರಿಂದ ಅದು ವರ್ಷ ವರ್ಷ ಪುಸ್ತಕವಾಗಿ ಬರುತ್ತಿದೆ. ಹಳೇ ಒಡಂಬಡಿಕೆಯ ವಚನವನ್ನು ಅಲ್ಲೂ ಚೀಟಿ ಎತ್ತಿಯೇ ಆರಿಸುತ್ತಾರೆ. ಆದರೆ ಅದರ ಪಕ್ಕದಲ್ಲಿ ಹೊಸ ಒಡಂಬಡಿಕೆಯ ಒಂದು ವಚನವನ್ನು ಯೋಚಿಸಿ ಜೊತೆ ಮಾಡಿ ಕೊಡುತ್ತಾರೆ. ಒಂದು ವಚನವನ್ನು ಒಂಟಿಯಾಗಿ ಬಿಡುವುದಿಲ್ಲ. ನನಗೆ ಬಹಳ ಹಿಡಿಸಿದ ಸಂಗತಿ ಅದು.

ನಾವು ಒಂಟಿಯಾಗಿ ಬಿಡುತ್ತಿದ್ದೇವೆ. ನನ್ನ ನೋವು ಅದೇ.

ದೊಡ್ಡಮ್ಮನಿಗೆ ಬಂದ ಅದೇ 91ನೇ ಕೀರ್ತನೆಯನ್ನು ತೆಗೆದುಕೊಳ್ಳಿ. ಆ ಕೀರ್ತನೆಯಿಂದ ವಾಗ್ದಾನ ಎತ್ತಿ ಯೇಸುಸ್ವಾಮಿಯ ಮುಂದೆ ಹಿಡಿದದ್ದು ಯಾರು? ಸೈತಾನ. ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯದಲ್ಲಿದೆ. ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಕ್ಕೆ ದುಮುಕು, ನಿನ್ನ ವಿಷಯದಲ್ಲಿ ದೇವರು ತನ್ನ ದೂತರಿಗೆ ಅಪ್ಪಣೆ ಕೊಡುತ್ತಾನೆ ಎಂದು ಬರೆದಿದೆಯಲ್ಲ ಅಂದ. ಅವನು ಹೇಳಿದ್ದು 11, 12ನೇ ವಚನ. ಅದರಲ್ಲೂ "ನಿನ್ನ ಎಲ್ಲಾ ಮಾರ್ಗಗಳಲ್ಲಿ" ಎನ್ನುವ ಮಾತು ಬಿಟ್ಟ. 13ನೇ ವಚನದಲ್ಲಿ ಸಿಂಹವನ್ನೂ ಸರ್ಪವನ್ನೂ ತುಳಿಯುವ ಮಾತಿದೆ. ಅಲ್ಲಿಗೆ ಅವನು ಹೋಗಲೇ ಇಲ್ಲ. ಯೇಸುಸ್ವಾಮಿ ಆ ವಚನ ಸುಳ್ಳು ಅನ್ನಲಿಲ್ಲ. ಹೀಗೂ ಬರೆದಿದೆ ಎಂದು ಧರ್ಮೋಪದೇಶಕಾಂಡದಿಂದ ಇನ್ನೊಂದು ವಚನವನ್ನು ಅದರ ಪಕ್ಕಕ್ಕೆ ತಂದಿಟ್ಟರು: ದೇವರನ್ನು ಪರೀಕ್ಷಿಸಬಾರದು.

ಅದೇ ಯೇಸುಸ್ವಾಮಿ ಶಿಲುಬೆಯ ಮೇಲೆ 22ನೇ ಕೀರ್ತನೆಯ ಮೊದಲ ಮಾತನ್ನು ಕೂಗಿದರು. ನನ್ನನ್ನು ಯಾಕೆ ಕೈಬಿಟ್ಟಿದ್ದೀ ಎಂದು. 91ನೇ ಕೀರ್ತನೆಯನ್ನು ಪೂರ್ತಿ ನಂಬಿ ಬಾಳಿದವರು ಅವರೊಬ್ಬರೇ. ಆದರೂ ದೀರ್ಘಾಯುಷ್ಯ ಅವರಿಗೆ ನಾವು ಅಂದುಕೊಳ್ಳುವ ರೀತಿಯಲ್ಲಿ ಬರಲಿಲ್ಲ. ಸಮಾಧಿಯ ಆಚೆ ಬದಿಯಿಂದ ಬಂತು. ಹಾಗಿದ್ದ ಮೇಲೆ ದೊಡ್ಡಮ್ಮನ ವಿಶ್ವಾಸ ಕಡಿಮೆಯಾಯ್ತು ಅಂತ ಯಾವ ಬಾಯಲ್ಲಿ ಹೇಳೋದು?

ಇನ್ನು ಯೆರೆಮೀಯ 29:11, ಅಂದರೆ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ ಹನ್ನೊಂದನೇ ವಚನ. ನಿಮ್ಮಲ್ಲಿ ಜಾಸ್ತಿ ಜನರ ಮನೆಯ ಗೋಡೆಯ ಮೇಲೆ ಇದೆ ಅಲ್ವಾ? ನಮ್ಮ ಮನೆಯಲ್ಲೂ ಇದೆ. ನಿಮಗಾಗಿ ನನ್ನಲ್ಲಿರುವುದು ಹಿತದ ಯೋಚನೆಗಳೇ ಎಂದು ಕರ್ತನು ಹೇಳುವ ವಚನ. ಮಕ್ಕಳ ಪರೀಕ್ಷೆಗೆ, ವೀಸಾಕ್ಕೆ, ಮದುವೆ ಮಾತುಕತೆಗೆ, ಎಲ್ಲಕ್ಕೂ ಇದನ್ನೇ ಹೇಳಿ ಪ್ರಾರ್ಥಿಸುತ್ತೇವೆ. ದೊಡ್ಡಮ್ಮ ಹೋದ ಮೇಲೆ ಒಂದು ದಿನ ಈ ಅಧ್ಯಾಯವನ್ನು ಮೊದಲಿಂದ ಓದಿದೆ. ಎಷ್ಟೋ ಸಲ ಓದಿದ್ದೆ. ಅವತ್ತು ಓದಿದ ಹಾಗೆ ಓದಿರಲಿಲ್ಲ.

ಅದೊಂದು ಪತ್ರ. ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹಿಡಿದುಕೊಂಡು ಹೋದ ಜನರಿಗೆ ಯೆರೆಮೀಯ ಬರೆದು ಕಳುಹಿಸಿದ್ದು. ಅವರಿಗೆ ಇದ್ದದ್ದು ಒಂದೇ ಪ್ರಶ್ನೆ: ಊರಿಗೆ ಯಾವಾಗ ಹೋಗ್ತೀವಿ? ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಅದಕ್ಕೆ ಉತ್ತರ ಕೊಟ್ಟಿದ್ದಾನೆ. ಎರಡೇ ವರ್ಷ, ಅಷ್ಟರಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಅಂತ. ಅವನೂ ಕರ್ತನ ಹೆಸರಲ್ಲೇ ಹೇಳಿದ. ಬಾಬೆಲಿನ ಆಳ್ವಿಕೆಗೆ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗ ತೆಗೆದು ಎಲ್ಲರೆದುರು ಮುರಿದು ಹಾಕಿದ. ಕಣ್ಣಿಗೆ ಕಟ್ಟುವ ಹಾಗಿದೆ ಆ ದೃಶ್ಯ. ಅದಕ್ಕೂ ಮೊದಲು, ಎರಡು ವರ್ಷದ ಆ ಮಾತು ಕೇಳಿ ಯೆರೆಮೀಯನೇ ಆಮೆನ್ ಅಂದಿದ್ದ, ಕರ್ತನು ಹಾಗೇ ಮಾಡಲಿ ಅಂದ. ಅವನಿಗೂ ಜನ ಬೇಗ ಮನೆಗೆ ಬರಲಿ ಅಂತಲೇ ಆಸೆ. ಆದರೆ ಅದು ಕರ್ತನ ಮಾತಾಗಿರಲಿಲ್ಲ. ಅದೇ ವರ್ಷ ಏಳನೇ ತಿಂಗಳಲ್ಲಿ ಹನನ್ಯ ಸತ್ತ.

ಆಮೇಲೆ ಈ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವು ಸೆರೆಯಾಗಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥನೆ ಮಾಡಿ. ಬಾಬೆಲಿಗಾಗಿ ಪ್ರಾರ್ಥನೆ! ಆಮೇಲೆ ಹತ್ತನೇ ವಚನ: ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಕರೆತರುತ್ತೇನೆ. ಅದಾದ ಮೇಲೆ ಹನ್ನೊಂದು.

ಎಪ್ಪತ್ತು ವರ್ಷ. ಆ ಪತ್ರವನ್ನು ಕೂತು ಕೇಳಿಸಿಕೊಂಡವರಲ್ಲಿ ನಲವತ್ತು ದಾಟಿದ ಯಾರಿಗೆ ಮತ್ತೆ ಊರು ಕಾಣುವ ಆಸೆ ಉಳಿದಿರಬಹುದು? ಬಹಳ ಮಂದಿ ಬಾಬೆಲಿನ ಮಣ್ಣಿಗೇ ಸೇರಿದರು. ಹಿತದ ಯೋಚನೆ ಎಂದು ಕರ್ತನು ಹೇಳಿದ್ದು ಅವರಿಗೂ ಸೇರಿಸಿಯೇ. ಇದನ್ನು ಓದಿದಾಗ ನನಗೆ ನಿಜವಾಗಿ ಮೈ ಜುಮ್ಮೆಂದಿತು.

ಇನ್ನೊಂದು ಮಾತು. ಕನ್ನಡದಲ್ಲಿ ಓದುವವರಿಗೆ ಇದು ಸುಲಭವಾಗಿ ಕಾಣುತ್ತದೆ. ನಮ್ಮ ಸತ್ಯವೇದದಲ್ಲಿ ಕರ್ತನು ಒಬ್ಬರ ಜೊತೆ ಮಾತಾಡುವಾಗ ನೀನು ಅನ್ನುತ್ತಾನೆ. ಅಬ್ರಹಾಮನಿಗೆ ನೀನು, ಮೋಶೆಗೆ ನೀನು, ಯೆರೆಮೀಯನಿಗೂ ನೀನು. ಇಲ್ಲಿ ಮಾತ್ರ "ನಿಮ್ಮ", "ನಿಮಗೆ" ಅಂತಿದೆ. ಅದು ಮರ್ಯಾದೆಯ ಬಹುವಚನ ಅಲ್ಲ, ಒಂದು ಇಡೀ ಜನಾಂಗಕ್ಕೆ ಹೇಳಿದ ಮಾತು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಹಾಗಾಗಿ ಅದನ್ನು ಓದುವವರು ನನಗೊಬ್ಬನಿಗೇ ಅಂದುಕೊಳ್ಳುವುದು ಸಹಜ. ನಮಗೆ ಆ ಕಷ್ಟ ಇಲ್ಲ. ಆದರೂ ನಾವು ಆ ಕಾರ್ಡನ್ನು ಒಬ್ಬೊಬ್ಬರೇ ಪರ್ಸಿನಲ್ಲಿ ಇಟ್ಟುಕೊಂಡುಬಿಟ್ಟಿದ್ದೇವೆ. ಅದು ಸಭೆಯ ವಾಗ್ದಾನ. ನನ್ನ ಕಾಲದಲ್ಲಿ ನೆರವೇರದೆ ಇದ್ದರೂ ನನ್ನ ಪಕ್ಕದಲ್ಲಿ ಕೂತವರ ಮೊಮ್ಮಕ್ಕಳಿಗೆ ನೆರವೇರಬಹುದು. ಆಗಲೂ ಅದು ನನಗೆ ಕೊಟ್ಟ ಮಾತೇ.

ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನು ವಿಶ್ವಾಸವೀರರ ಅಧ್ಯಾಯ ಅನ್ನುತ್ತೇವೆ. ಅದರ 13ನೇ ವಚನ ಇವರೆಲ್ಲ ವಾಗ್ದಾನವಾದದ್ದನ್ನು ಹೊಂದದೆಯೇ ಸತ್ತರು, ಅದನ್ನು ದೂರದಿಂದ ನೋಡಿ ಸಂತೋಷಪಟ್ಟರು ಅನ್ನುತ್ತದೆ. ಹೊಂದದೆ ಸತ್ತವರನ್ನೇ ವಿಶ್ವಾಸಕ್ಕೆ ಮಾದರಿ ಅಂತ ನಿಲ್ಲಿಸಿದ್ದಾರೆ. ಪೌಲ ತನ್ನ ಶರೀರದ ಮುಳ್ಳು ಹೋಗಲಿ ಎಂದು ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಅದೇ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ರೋಗಿಯಾಗಿಯೇ ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಬರೆಯುತ್ತಾನೆ. ತ್ರೊಫಿಮನಿಗೆ ವಿಶ್ವಾಸ ಇರಲಿಲ್ಲ ಅಂತ ಅಲ್ಲಿ ಒಂದಕ್ಷರ ಇಲ್ಲ.

ದೊಡ್ಡಪ್ಪ, ನೀವು ಎಲ್ಲೂ ತಪ್ಪಲಿಲ್ಲ. ದೊಡ್ಡಮ್ಮನೂ ತಪ್ಪಲಿಲ್ಲ. ತಪ್ಪಿದ್ದು ನಾವು, ಒಂದು ವಚನ ಕೈಗೆ ಕೊಟ್ಟು ಉಳಿದದ್ದನ್ನು ಹೇಳದೆ ಬಿಟ್ಟವರು.

ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು. ಅವರೂ ಜೊತೆಗಾರರೂ ಸೇರಿ ಇಡೀ ಸತ್ಯವೇದವನ್ನು ಕನ್ನಡಕ್ಕೆ ತರಲು ಇಪ್ಪತ್ತು ವರ್ಷ ಹಿಡಿಯಿತು. ಗೋಳಿನ ಪುಸ್ತಕಗಳಾದ ಪ್ರಲಾಪಗಳನ್ನೂ ಯೋಬನನ್ನೂ, ಕತ್ತಲೆ ಎಂಬ ಮಾತಿನಲ್ಲೇ ಮುಗಿಯುವ 88ನೇ ಕೀರ್ತನೆಯನ್ನೂ ಅವರು ಬಿಡಲಿಲ್ಲ. ಅಷ್ಟು ಕಷ್ಟದಿಂದ ನಮ್ಮ ಭಾಷೆಗೆ ಬಂದ ಪುಸ್ತಕದಿಂದ ನಾವು ಸಿಹಿಯಾದ ಐವತ್ತೋ ನೂರೋ ವಚನ ಕತ್ತರಿಸಿ, ವರ್ಷ ವರ್ಷ ಅವನ್ನೇ ಅಚ್ಚು ಹಾಕಿಸುತ್ತಿದ್ದೇವೆ. ಅಳುವವನಿಗೆ ಅಳುವ ಮಾತುಗಳನ್ನೂ ಅದೇ ಪುಸ್ತಕ ಕೊಡುತ್ತದೆ. ಅವನ್ನು ಅವನ ಕೈಗೆ ಯಾರು ಕೊಡಬೇಕು?

ನಮ್ಮ ಸಭಾಪಾಲಕರ ಹತ್ತಿರ ಈ ಬಗ್ಗೆ ಎರಡು ಸಲ ಮಾತಾಡಿದೆ. ತಾಳ್ಮೆಯಿಂದ ಕೇಳಿದರು. ಈ ವರ್ಷದ ಕಾರ್ಡಿನಲ್ಲಿ ಒಂದು ಬದಿ ವಚನ, ಇನ್ನೊಂದು ಬದಿ ಅದರ ಹಿಂದಿನ ವಚನಗಳೂ ಇರಲಿ, ಚಿತ್ರ ಬೇಡ ಅಂದರು. ಕರ್ತನೇ ನನ್ನ ಬಲ ಎನ್ನುವ ಹಬಕ್ಕೂಕ 3:19 ಹಾಕುವುದಾದರೆ, ಅಂಜೂರ ಚಿಗುರದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಎನ್ನುವ 17 ಕೂಡ ಅದರ ಬೆನ್ನಿಗೇ ಇರುತ್ತದೆ. ಆರಿಸುವ ಕೆಲಸ ನನಗೂ ಇನ್ನಿಬ್ಬರಿಗೂ ವಹಿಸಿದ್ದಾರೆ. ನೂರ ಇಪ್ಪತ್ತು ಕಾರ್ಡು ಬೇಕು, ಪ್ರೆಸ್ಸಿಗೆ ನವೆಂಬರ್ ಕೊನೆಯೊಳಗೆ ಕೊಡಬೇಕು. ಅಕ್ಷರ ದಪ್ಪ ಇರಲಿ ಅಂತ ದೊಡ್ಡಪ್ಪ ಹೇಳಿ ಕಳಿಸಿದ್ದಾರೆ. ಕಷ್ಟದ ದಿನಗಳಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ವಚನ ಯಾವುದು ಅಂತ ನನಗೆ ಬರೆದು ಕಳಿಸಿ. ಅದರ ಹಿಂದಿನ ನಾಲ್ಕು ಸಾಲು ಸೇರಿಸಿ ಕಳಿಸಿ.